ಕೋಲಾರದಿಂದ ಐಟಿ ಕೆಲಸಕ್ಕೆ: ಕಂಪನಿ ಹೆಸರು ಆಮೇಲೆ, ಮೊದಲು ಗೇಟು ಯಾವುದು ನೋಡಿ

ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳು ಯಾವುವು ಅಂದರೆ ಟಿಸಿಎಸ್, ಇನ್ಫೋಸಿಸ್, ವಿಪ್ರೋ, ಆಕ್ಸೆಂಚರ್, ಕಾಗ್ನಿಜೆಂಟ್, ಐಬಿಎಂ ಅಂತ ಯಾರು ಬೇಕಾದರೂ ಹೇಳುತ್ತಾರೆ. ಕೋಲಾರ, ಬಂಗಾರಪೇಟೆ, ಮಾಲೂರಿನಿಂದ ದಿನಾ ಓಡಾಡುವವರಿಗೆ ಅಷ್ಟು ಸಾಲದು. ಕೇಳಬೇಕಾದ್ದು ಯಾವ ಕ್ಯಾಂಪಸ್ ಅಂತ. ಟಿಸಿಎಸ್‌ಗೆ ವೈಟ್‌ಫೀಲ್ಡ್‌ನಲ್ಲೂ ಕಚೇರಿ ಇದೆ, ಎಲೆಕ್ಟ್ರಾನಿಕ್ ಸಿಟಿಯಲ್ಲೂ ಇದೆ. ಮೊದಲನೆಯದಾದರೆ ಮನೆಯಿಂದಲೇ ಹೋಗಿಬರಬಹುದು. ಎರಡನೆಯದಾದರೆ ಪಿಜಿ ಹುಡುಕಿ.

ವೈಟ್‌ಫೀಲ್ಡ್ ನಮಗೆ ಅನುಕೂಲ, ಏಕೆಂದರೆ ರೈಲಿದೆ. ಬಂಗಾರಪೇಟೆ, ಟೇಕಲ್, ಮಾಲೂರಿನಲ್ಲಿ ಲೋಕಲ್ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿದರೆ ಪಕ್ಕದಲ್ಲೇ ನೇರಳೆ ಮಾರ್ಗದ ವೈಟ್‌ಫೀಲ್ಡ್ (ಕಾಡುಗೋಡಿ) ಮೆಟ್ರೋ. ಐಟಿಪಿಎಲ್ ಟೆಕ್ ಪಾರ್ಕ್‌ಗೆ ಪಟ್ಟಂದೂರು ಅಗ್ರಹಾರ, ಇಪಿಐಪಿ ಕೈಗಾರಿಕಾ ಪ್ರದೇಶದ ಕಡೆಗೆ ನಲ್ಲೂರಹಳ್ಳಿ ನಿಲ್ದಾಣ. ಕೋಲಾರ ಟೌನ್‌ನವರು ಬಸ್ಸಿನಲ್ಲಿ ಕೆ.ಆರ್. ಪುರದಲ್ಲಿ ಇಳಿದು ಅದೇ ಮೆಟ್ರೋದಲ್ಲಿ ಹಿಂದಕ್ಕೆ ಬರಬೇಕು. ಸುತ್ತು ಅನ್ನಿಸಿದರೂ ಹೂಡಿಯ ಟ್ರಾಫಿಕ್‌ಗಿಂತ ವಾಸಿ. ಇನ್ಫೋಸಿಸ್‌ನ ಎಲೆಕ್ಟ್ರಾನಿಕ್ ಸಿಟಿ ಕ್ಯಾಂಪಸ್‌ಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂತು ನಿಜ. ಆದರೆ ನಮ್ಮ ಕಡೆಯಿಂದ ಹೋಗುವವರು ಮೆಜೆಸ್ಟಿಕ್‌ನಲ್ಲೊಮ್ಮೆ, ಆರ್.ವಿ. ರಸ್ತೆಯಲ್ಲೊಮ್ಮೆ ಬದಲಾಯಿಸಬೇಕು. ದಿನಾ ಆಗುವ ಮಾತಲ್ಲ.

ಮುಖ್ಯ ಕಚೇರಿ ಬೆಂಗಳೂರಲ್ಲಿದ್ದರೆ ಪೋಸ್ಟಿಂಗೂ ಇಲ್ಲೇ ಅಂದುಕೊಳ್ಳಬೇಡಿ. ಇನ್ಫೋಸಿಸ್ ಹೊಸಬರಿಗೆ ಮೈಸೂರಿನಲ್ಲಿ ತರಬೇತಿ ಕೊಡುತ್ತದೆ. ಆಮೇಲೆ ಚೆನ್ನೈಯೋ ಪುಣೆಯೋ, ಪ್ರಾಜೆಕ್ಟ್ ಎಲ್ಲಿದೆಯೋ ಅಲ್ಲಿಗೆ.

ಇನ್ನು ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ವರ್ಷಕ್ಕೆ 3.6 ಲಕ್ಷ ಅಂದರೆ ತಿಂಗಳಿಗೆ 30,000 ಕೈಗೆ ಬರುತ್ತೆ ಅಂತ ಮನೆಯಲ್ಲಿ ಹೇಳಿಬಿಡುತ್ತಾರೆ. ಬೇಸಿಕ್ 15,000 ಅಂತಿಟ್ಟುಕೊಳ್ಳಿ. ಅದರ 12% ಪಿಎಫ್ ನಿಮ್ಮ ಪಾಲು 1,800. ಕಂಪನಿಯ ಪಾಲು 1,800 ಕೂಡ ಸಿಟಿಸಿಯಲ್ಲೇ ಸೇರಿರುತ್ತದೆ. ಗ್ರಾಚ್ಯುಟಿ (ಸೇವೆಯ ಕೊನೆಗೆ ಸಿಗುವ ಇಡಿಗಂಟು) ಬೇಸಿಕ್‌ನ 4.81% ಅಂತ 721, ವೃತ್ತಿ ತೆರಿಗೆ 200. ಉಳಿದದ್ದು 25,479. ವೇರಿಯಬಲ್ ಪೇ (ಕೆಲಸ ನೋಡಿ ಕೊಡುವ ಭಾಗ), ಇನ್ಶೂರೆನ್ಸ್ ಅಂತ ಇದ್ದರೆ ಇನ್ನೂ ಕಡಿಮೆ.

ಡಿಗ್ರಿ ಇಲ್ಲದ, ಐಟಿಐ, ಪಿಯುಸಿ, ಡಿಪ್ಲೊಮಾ ಮಾಡಿದವರಿಗೆ ದೊಡ್ಡ ಟೆಕ್ ಕೆಲಸ ಇರುವುದು ನಮ್ಮ ನರಸಾಪುರದಲ್ಲೇ. ಐಫೋನ್ ಜೋಡಿಸುವ ಆ ಕಾರ್ಖಾನೆ ಮೊದಲು ವಿಸ್ಟ್ರಾನ್‌ನದು. ಟಾಟಾ ಕೊಳ್ಳುತ್ತದೆಂದು 2023ರ ಅಕ್ಟೋಬರ್‌ನಲ್ಲಿ ಘೋಷಣೆಯಾಯಿತು. ಅಲ್ಲಿ 2020ರ ಡಿಸೆಂಬರ್ 12ರಂದು ಕಾರ್ಮಿಕರು ಮಾಡಿದ ಗಲಾಟೆ ಎಲ್ಲರಿಗೂ ನೆನಪಿದೆ. ಸಂಬಳ ಸರಿಯಾಗಿ ಬಂದಿಲ್ಲ ಅನ್ನುವುದೇ ಅದರ ಮೂಲ. ಕೆಲವರಿಗೆ ಅಕ್ಟೋಬರ್, ನವೆಂಬರ್ ಸಂಬಳ ತಡವಾಗಿತ್ತು ಅಂತ ಆಪಲ್ ಕಂಪನಿಯೇ ಒಪ್ಪಿಕೊಂಡಿತು.

ಹಾಗಾಗಿ ಅಲ್ಲಾಗಲಿ, ಬೇರೆ ಯಾವ ಕಾರ್ಖಾನೆಯಲ್ಲಾಗಲಿ ಸೇರುವಾಗ ನೀವು ಯಾರ ರೋಲ್‌ನಲ್ಲಿ, ಅಂದರೆ ಯಾರ ನೌಕರರ ಪಟ್ಟಿಯಲ್ಲಿ ಇದ್ದೀರಿ ನೋಡಿ. ಗೇಟಿನ ಮೇಲೆ ಒಂದು ಹೆಸರಿದ್ದರೂ ಪೇ ಸ್ಲಿಪ್ ಮೇಲೆ ಕಂಟ್ರಾಕ್ಟರ್ ಹೆಸರಿರಬಹುದು. ಅದು ತಪ್ಪೇನಲ್ಲ, ಕಟ್ ಆದ ಹಣ ಖಾತೆಗೆ ಸೇರದಿದ್ದರೆ ತಪ್ಪು. ಪಿಎಫ್ ಪಾಸ್‌ಬುಕ್ ತೆರೆದರೆ ಯಾವ ಸಂಸ್ಥೆ, ಯಾವ ತಿಂಗಳಿಗೆ, ಎಷ್ಟು ಕಟ್ಟಿದೆ ಅಂತ ಕಾಣುತ್ತದೆ. ಎರಡು ತಿಂಗಳು ಖಾಲಿ ಕಂಡರೆ ಮೂರನೆಯದಕ್ಕೆ ಕಾಯಬೇಡಿ. 21,000ದೊಳಗಿನ ಸಂಬಳಕ್ಕೆ ಇಎಸ್‌ಐ (ನೌಕರರ ವೈದ್ಯಕೀಯ ವಿಮೆ) 0.75%, ಅಂದರೆ 16,000ಕ್ಕೆ 120 ರೂಪಾಯಿ. ಅದು ಕಟ್ ಆಗಿಯೂ ಇಎಸ್‌ಐ ನಂಬರ್ ಕೊಡದಿದ್ದರೆ ಕೇಳಿ ಪಡೆಯಿರಿ. ಓಟಿಗೆ (ಓವರ್‌ಟೈಮ್) ಎರಡು ಪಟ್ಟು ಕೂಲಿ. ಪೇ ಸ್ಲಿಪ್‌ನಲ್ಲಿ ಓಟಿ ಗಂಟೆ ಬೇರೆ ಸಾಲಿನಲ್ಲಿ ಇಲ್ಲದಿದ್ದರೆ ಲೆಕ್ಕ ಹಾಕೋಕೇ ಆಗಲ್ಲ, ಹಾಗಾಗಿ ನಿಮ್ಮದೇ ಒಂದು ಡೈರಿ ಇಡಿ.

ಕಂಟ್ರಾಕ್ಟರ್ ಬದಲಾದಾಗ ಹಳೆಯ ಯುಎಎನ್ (ಪಿಎಫ್‌ಗೆ ನಿಮ್ಮ ಕಾಯಂ ನಂಬರ್) ಅನ್ನೇ ಕೊಡಿ. ಅವಸರದಲ್ಲಿ ಹೊಸದು ಮಾಡಿಸಿದರೆ ಸರ್ವೀಸ್ ಎರಡು ಕಡೆ ಹಂಚಿಹೋಗಿ, ದುಡ್ಡು ತೆಗೆಯುವ ಹೊತ್ತಿಗೆ ಕಚೇರಿಗೆ ಅಲೆಯಬೇಕಾಗುತ್ತದೆ.