ನಾಲ್ಕು ಸಲ ಹತ್ತು ಸಾವಿರ

ಲೆಕ್ಕ ಬರೆಯುವುದೇ ನನ್ನ ಕೆಲಸ. ಮುಂಬೈಯ ಮಸ್ಜಿದ್ ಬಂದರ್‌ನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಕಂಡವರ ದುಡ್ಡಿಗೆ ಟಿಕ್ ಹಾಕುತ್ತಿದ್ದೇನೆ. ಆದರೂ ಡೊಂಬಿವಲಿಯಲ್ಲಿ ಮನೆ ಬದಲಿಸುವಾಗ ನಾನೇ ಎಡವಿದೆ.

ಡಿಪಾಸಿಟ್‌ಗೆ 40,000 ಕಡಿಮೆ ಬಿತ್ತು. ಮನೆ ಮಾಲೀಕ ಕಾಕಾ ಒಂದೇ ಮಾತು ಹೇಳಿದರು: 'ರೋಖ ಪಾಹಿಜೆ', ನಗದೇ ಬೇಕು. ನನ್ನ ಹತ್ತಿರ ಕ್ರೆಡಿಟ್ ಕಾರ್ಡ್ ಇತ್ತು. ಎಟಿಎಂನಿಂದ ತೆಗೆದು ಬಿಲ್ ಬಂದಾಗ ಕಟ್ಟಿದರಾಯ್ತು, ಹೇಗೂ ನಲವತ್ತೈದು ದಿನ ಬಡ್ಡಿ ಇಲ್ವಲ್ಲ ಅಂದುಕೊಂಡೆ.

ಮಷೀನು ಒಂದು ಸಲಕ್ಕೆ ಹತ್ತೇ ಸಾವಿರ ಕೊಡುತ್ತಿತ್ತು. ಹಿಂದೆ ನಿಂತವರ ಗೊಣಗಾಟ ಕೇಳಿಸಿಕೊಳ್ಳುತ್ತಾ ನಾಲ್ಕು ಸಲ ಕಾರ್ಡ್ ತುರುಕಿದೆ.

ಬಿಲ್ ನೋಡಿ ಕಣ್ಣು ಕತ್ತಲೆ ಬಂತು. ನಗದು ತೆಗೆದರೆ ನೂರಕ್ಕೆ 2.5 ಅಥವಾ 500 ರೂಪಾಯಿ, ಯಾವುದು ಜಾಸ್ತಿಯೋ ಅದು ಶುಲ್ಕ. ಹತ್ತು ಸಾವಿರಕ್ಕೆ 250 ಆಗುತ್ತದೆ, ಹಾಗಾಗಿ 500 ಹಾಕಿದ್ದರು. ಅದೂ ನಾಲ್ಕು ಸಲ! 2,000, ಮೇಲೆ 18% ಜಿಎಸ್‌ಟಿ 360. ಇನ್ನು ಬಡ್ಡಿ. ಆ ನಲವತ್ತೈದು ದಿನ ಅಂಗಡಿ ಖರೀದಿಗೆ ಮಾತ್ರ. ನಗದಿಗೆ ತೆಗೆದ ದಿನದಿಂದಲೇ ಮೀಟರ್ ಓಡುತ್ತದೆ. ತಿಂಗಳಿಗೆ 3.5% ಅಂದರೆ 1,400, ಅದಕ್ಕೂ ಜಿಎಸ್‌ಟಿ 252. ಒಂದು ತಿಂಗಳಿಗೆ ಒಟ್ಟು 4,012. ನಮ್ಮ ಯಜಮಾನರು ಏನೂ ಅನ್ನಲಿಲ್ಲ, ಸುಮ್ನೆ ನಕ್ಕರು. ಬೈದಿದ್ದರೇ ಚೆನ್ನಾಗಿತ್ತು.

ಈ ಸಲ ತಮ್ಮನ ಹಾಸ್ಟೆಲ್ ಫೀಸಿಗೆ ಮತ್ತೆ 40,000 ಬೇಕಾಯಿತು. ಸ್ಟೇಷನ್ ಪಕ್ಕದ ಮೊಬೈಲ್ ಅಂಗಡಿಯವನು, 'ಸ್ವೈಪ್ ಮಾಡಿ, ನೂರಕ್ಕೆ ಮೂರು ಹಿಡ್ಕೊಂಡು ಕ್ಯಾಷ್ ಕೊಡ್ತೀನಿ' ಅಂದ. ಮಾಲೇ ಇಲ್ಲದ ಬಿಲ್ಲು! ಬ್ಯಾಂಕಿಗೆ ಗೊತ್ತಾದರೆ ಕಾರ್ಡೇ ಬ್ಲಾಕ್. ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿದ್ದೇನೆ, ಆದರೆ ಅದು ತರಕಾರಿ ಅಂಗಡಿಯ ಕ್ಯೂಆರ್‌ಗೆ ನಡೆಯುತ್ತದೆ, ತಮ್ಮನ ನಂಬರಿಗೆ ಹೋಗುವುದಿಲ್ಲ. ಬಾಡಿಗೆ ನೆಪದಲ್ಲಿ ಆ್ಯಪ್‌ನಿಂದ ಮನೆಯವರದೇ ಖಾತೆಗೆ ಹಾಕಿಕೊಳ್ಳುವ ಉಪಾಯವೂ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪೇಮೆಂಟ್ ಕಂಪನಿಗಳ ನಿಯಮ ಬಿಗಿ ಮಾಡಿದ ಮೇಲೆ ದೊಡ್ಡ ಆ್ಯಪ್‌ಗಳು ಅದನ್ನು ನಿಲ್ಲಿಸಿದವು.

ಕೊನೆಗೆ ಕಾರ್ಡ್ ಮೇಲಿನ ಲೋನ್ ತೆಗೆದುಕೊಂಡೆ. ದುಡ್ಡು ನೇರ ಖಾತೆಗೆ ಬಂತು. ವರ್ಷಕ್ಕೆ 16% ಬಡ್ಡಿ, ಆರು ಕಂತು, ಕಂತಿಗೆ 6,981. ಪ್ರೊಸೆಸಿಂಗ್ ಫೀ 499. ಫೋನ್ ಮಾಡಿದ ಹುಡುಗಿ ಕಂತು ಮಾತ್ರ ಹೇಳಿದಳು. 'ಬಡ್ಡಿ ಮೇಲೆ ಜಿಎಸ್‌ಟಿ ಬೇರೆ ಅಲ್ವಾ?' ಅಂದಾಗ, 'ಹೌದು ಮೇಡಂ' ಅಂತ ದನಿ ಸಣ್ಣದಾಯಿತು. ಬಡ್ಡಿ, ಫೀ, ಎರಡರ ಜಿಎಸ್‌ಟಿ ಎಲ್ಲ ಸೇರಿ ಆರು ತಿಂಗಳಿಗೆ ಖರ್ಚು 2,816. ಅವತ್ತು ಎಟಿಎಂ ಒಂದೇ ತಿಂಗಳಲ್ಲಿ ಇದಕ್ಕಿಂತ ಜಾಸ್ತಿ ನುಂಗಿತ್ತು.

ಮೂರು ಕಂತು ಕಟ್ಟುವಷ್ಟರಲ್ಲಿ ಬೋನಸ್ ಬಂತು. ಒಟ್ಟಿಗೆ ತೀರಿಸಿಬಿಡೋಣ ಅಂತ ವಿಚಾರಿಸಿದೆ. ಮುಂಚೆ ತೀರಿಸಿದರೆ ಶುಲ್ಕ ಉಳಿದ ಅಸಲಿನ ಮೇಲೆ 3%, ಮತ್ತೆ ಜಿಎಸ್‌ಟಿ: 722. ಉಳಿದ ಮೂರು ತಿಂಗಳ ಬಡ್ಡಿ, ತೆರಿಗೆ ಸೇರಿ ಬರೀ 645. ಆಫೀಸಿನ ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಒತ್ತಿ ನೋಡಿ ಫೋನ್ ಇಟ್ಟೆ. ಬೋನಸ್ ಖಾತೆಯಲ್ಲೇ ಇದೆ. ಕಂತು ಐದನೇ ತಾರೀಕಿಗೆ ಹೋಗುತ್ತಿದೆ.