ಒಂದಡಿಯ ದೋಣಿ, ಎರಡೂವರೆ ಅಡಿಯ ಮೋಟರು

ಅಮೆರಿಕದ ಮಿನ್ನೆಸೋಟ ರಾಜ್ಯದ ವಬಾಷಾ ಊರಿನ ದಂಡೆಯಲ್ಲಿ ನಿಂತರೆ ಮಿಸಿಸಿಪ್ಪಿ ತುಂಬಿಯೇ ಹರಿಯುವಂತೆ ಕಾಣುತ್ತದೆ. ಆಗಸ್ಟ್‌ನಲ್ಲಿ ಪಾಂಟೂನ್ ದೋಣಿ (ತೇಲುವ ಕೊಳವೆಗಳ ಮೇಲೆ ಹಲಗೆ ಹಾಸಿದ ಚಪ್ಪಟೆ ದೋಣಿ) ಇಳಿಸಿದ ಮೇಲೇ ಅದರ ಹುಳುಕು ಗೊತ್ತಾಗುವುದು. ಊರಿಗಿಂತ ಸ್ವಲ್ಪ ಮೇಲೆ ಸೇರುವ ಚಿಪ್ಪೆವಾ ನದಿ ತಂದು ಸುರಿದ ಮರಳು, ನದಿಯೊಳಗಿನ ಹಡಗು ದಾರಿಯಾದ ಕಾಲುವೆ ಬಿಟ್ಟ ಕಡೆಯಲ್ಲೆಲ್ಲ ನೀರು ಮೊಣಕಾಲುದ್ದವಷ್ಟೇ ಉಳಿಯುವಂತೆ ಎದ್ದಿರುತ್ತದೆ.

1950ರ ದಶಕದ ಆರಂಭದಲ್ಲಿ ಇದೇ ರಾಜ್ಯದ ರೈತ ಆಂಬ್ರೋಸ್ ವೀರೆಸ್ ಉಕ್ಕಿನ ಪೀಪಾಯಿಗಳ ಮೇಲೆ ಹಲಗೆ ಹಾಸಿ ಇಂಥ ದೋಣಿ ಕಟ್ಟಿದ್ದು ಕೆರೆಗೆ. ಹೊಳೆಗೆ ತಂದಾಗ ಲೆಕ್ಕ ಬೇರೆ. ಈಗಿನ ಅಲ್ಯೂಮಿನಿಯಂ ಕೊಳವೆಗಳು ಸುಮಾರು ಒಂದಡಿ ಮುಳುಗುತ್ತವೆ. ಮೋಟರಿನ ಕಾಲು ಎರಡರಿಂದ ಎರಡೂವರೆ ಅಡಿ ಇಳಿದಿರುತ್ತದೆ. ಮೊದಲು ತಾಗುವುದು ದೋಣಿಯಲ್ಲ, ಪ್ರೊಪೆಲ್ಲರು.

ಹಾಗಾಗಿ ನೀರು ತೆಳುವಾದಲ್ಲಿ ವೇಗ ಇಳಿಸಿ, ಟ್ರಿಮ್ ಗುಂಡಿ ಒತ್ತಿ ಮೋಟರನ್ನು ಸ್ವಲ್ಪ ಸ್ವಲ್ಪವೇ ಎತ್ತಬೇಕು. ಕಣ್ಣು ಮಾತ್ರ ಮೋಟರನ್ನು ತಂಪಾಗಿಸಿ ಹಿಂದೆ ಚಿಮ್ಮುವ ಸಣ್ಣ ನೀರಿನ ಎಳೆಯ ಮೇಲಿರಲಿ. ಅದು ನಿಂತರೆ ನೀರೆಳೆಯುವ ರಂಧ್ರ ಮೇಲೆ ಬಂದಿದೆ, ಇಲ್ಲವೇ ಮರಳು ಕಟ್ಟಿದೆ ಎಂದರ್ಥ. ನೀರೆಳೆಯುವ ಪಂಪಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಒಣಗಿ ತಿರುಗಿದರೆ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ.

ಮೇಲ್ಮೈ ಓದಲು ಬಂದರೆ ಆಳ ಅಳೆಯುವ ಡೆಪ್ತ್ ಫೈಂಡರಿನ ಕೆಲಸ ಅರ್ಧ ಮುಗಿದಂತೆ. V ಆಕಾರದ ಅಲೆಗಳ ಮೂತಿ ಹರಿವಿನ ದಿಕ್ಕಿಗಿದ್ದರೆ ನಡುವೆ ದಾರಿಯಿದೆ; ಮೂತಿ ಹರಿವಿಗೆ ಎದುರಾಗಿದ್ದರೆ ಕೆಳಗೆ ಕಲ್ಲೋ ಮರದ ಬುಡವೋ ಇದೆ. ತಿರುವಿನ ಹೊರಬದಿ ಆಳ, ಒಳಬದಿ ಮರಳು. ದಂಡೆಯಿಂದ ನದಿಯೊಳಗೆ ನೇರ ಚಾಚಿದ ಸುಕ್ಕಿನ ಗೆರೆ ಕಂಡರೆ ಅದು ವಿಂಗ್ ಡ್ಯಾಂ. ಕಾಲುವೆಗೆ ನೀರು ಕೂಡಿಸಲು 1878ರಿಂದ ಸೇನೆಯ ಎಂಜಿನಿಯರುಗಳು ಕಲ್ಲು ಮತ್ತು ಕೊಂಬೆ ಕಟ್ಟುಗಳಿಂದ ಕಟ್ಟಿದ ಗೋಡೆಗಳವು, ಇಂದಿಗೂ ಮುಳುಗಿ ಕೂತಿವೆ. ಮರಳು ಕ್ಷಮಿಸುತ್ತದೆ, ಈ ಕಲ್ಲು ಗೇರುಪೆಟ್ಟಿಗೆಯನ್ನೇ ಸೀಳುತ್ತದೆ. ಒಂಬತ್ತು ಅಡಿ ಆಳ ಕಾಯ್ದುಕೊಂಡ ಕಾಲುವೆಯಲ್ಲಿ ಉಳಿದರೆ ಈ ತಾಪತ್ರಯವಿಲ್ಲ: ಮೇಲ್ಮುಖವಾಗಿ ಹೋಗುವಾಗ ದಾರಿ ಗುರುತಿಸುವ ಕೆಂಪು ತೇಲುಬುರುಡೆ (ಬಾಯ್) ಬಲಕ್ಕೆ, ಹಸಿರು ಎಡಕ್ಕೆ.

ಸಿಕ್ಕಿಕೊಂಡರೆ ಎಲ್ಲರೂ ಮಾಡುವ ತಪ್ಪು ರಿವರ್ಸ್‌ನಲ್ಲಿ ಗುಡುಗಿಸುವುದು. ಪಂಪು ಮರಳು ಕುಡಿಯುತ್ತದೆ, ಅಷ್ಟೇ. ಮೋಟರ್ ಆರಿಸಿ, ಪೂರ್ತಿ ಎತ್ತಿ, ಮೂತಿ ಹಗುರಾಗಲು ಜನರನ್ನು ಹಿಂದಕ್ಕೆ ಕಳಿಸಿ, ಬಂದ ದಾರಿಗೇ ಗಳು ಊರಿ ತಳ್ಳಬೇಕು. ಇಳಿಯಲೇಬೇಕಾದರೆ ಕೀಲಿ ಕಿತ್ತು, ಲೈಫ್ ಜಾಕೆಟ್ ತೊಟ್ಟೇ ಇಳಿಯಿರಿ. ಮರಳದಿಬ್ಬದ ಅಂಚು ಒಮ್ಮೆಗೇ ಆಳುದ್ದ ಕುಸಿಯುತ್ತದೆ.

ಊಟಕ್ಕೆ ದಿಬ್ಬಕ್ಕೆ ಕಟ್ಟಿದಾಗಲೂ ನಿಶ್ಚಿಂತೆಯಿಲ್ಲ. ಹದಿನೈದು ಬಾರ್ಜುಗಳನ್ನು (ಚಪ್ಪಟೆ ಸರಕು ದೋಣಿಗಳನ್ನು) ತಳ್ಳುವ ಟೋಬೋಟ್ ಎಂಬ ದೊಡ್ಡ ದೋಣಿ ಹತ್ತಿರ ಹಾದರೆ ದಂಡೆಯ ನೀರು ಮೊದಲು ಹಿಂದಕ್ಕೆಳೆದುಕೊಳ್ಳುತ್ತದೆ, ದೋಣಿ ಮರಳಿನ ಮೇಲೆ ಕೂರುತ್ತದೆ. ಆಮೇಲೆ ಅಲೆ ಬಂದು ಎತ್ತಿ ಕುಕ್ಕುತ್ತದೆ. ಟೋಬೋಟಿನ ಸದ್ದು ಕೇಳಿದ ಕೂಡಲೇ ಮಕ್ಕಳನ್ನು ನೀರಿನಿಂದ ಮೇಲೆ ಕರೆಯಿರಿ. ಸಾಗುತ್ತಿದ್ದರೆ ಅಲೆಯನ್ನು ಓರೆಯಾಗಿ, ನಿಧಾನವಾಗಿ ಎದುರಿಸಿ. ಥ್ರಾಟಲ್ ಒಮ್ಮೆಲೇ ಇಳಿಸಿದರೆ ಮೂತಿ ನೀರಿಗೆ ಅದ್ದಿಬಿಡುತ್ತದೆ. ದೋಣಿಯ ಮುಂಭಾಗದ ಗೇಟಿನಾಚೆ ಕಾಲು ಇಳಿಬಿಟ್ಟು ಕೂತವರು ಬಿದ್ದರೆ ನೇರ ಪ್ರೊಪೆಲ್ಲರಿನಡಿಗೇ. ಫೋಟೋ ಚೆನ್ನಾಗಿ ಬರುತ್ತದೆಂಬುದು ನಿಜ, ಆದರೂ ಬೇಡ.

ಸಂಜೆ ಟ್ರೇಲರಿಗೆ ಏರಿಸಿದ ಮೇಲೆ ಪ್ರೊಪೆಲ್ಲರಿನ ಹಿಂದೆ ಗಾಳದ ದಾರ ಸುತ್ತಿದೆಯೇ ನೋಡಿ. ಅದು ನೀರು ತಡೆಯುವ ಸೀಲು ಕೊಯ್ದಿದ್ದರೆ ನೀರು ಒಳಸೇರಿ ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿರುತ್ತದೆ.