ಮುನ್ನುಡಿಗೆ ಕಾಯುತ್ತಿದೆ

ಸೋದರಮಾವನ ಪ್ರಕಾಶನದ ಕಚೇರಿ ಅಂದರೆ ಮೈಸೂರಿನಲ್ಲಿ ಅವರ ಮನೆಯ ಮುಂದಿನ ಕೋಣೆ. ಎರಡು ಮೇಜು, ಒಂದು ಡಿಟಿಪಿ ಕಂಪ್ಯೂಟರ್, ಗೋಡೆಗೆ ಒರಗಿಸಿಟ್ಟ ಪುಸ್ತಕದ ಕಟ್ಟುಗಳು, ಕೆಂಪು ರಟ್ಟಿನ ಒಂದು ಉದ್ದ ನೋಟ್‌ಬುಕ್. ಯಾವ ಪುಸ್ತಕದ ಕೆಲಸ ಎಲ್ಲಿಗೆ ಬಂತು ಅನ್ನುವುದೆಲ್ಲ ಆ ನೋಟ್‌ಬುಕ್ಕಿನಲ್ಲಿ. ಅದರಲ್ಲಿ ಇಲ್ಲದ್ದು ಮಾವನ ತಲೆಯಲ್ಲಿ. ಹೋದ ವರ್ಷ ಜುಲೈನಲ್ಲಿ ಮಾವನಿಗೆ ಕಣ್ಣಿನ ಪೊರೆ ತೆಗೆಸಿ, ಹತ್ತು ದಿನ ಓದು ಬರಹ ಬೇಡ ಅಂದಾಗ ಕಚೇರಿಗೆ ಗರ ಬಡಿದಂತಾಯಿತು. ರಾಜ್ಯೋತ್ಸವದ ಹೊತ್ತಿಗೆ ಏಳು ಪುಸ್ತಕ ಹೊರಬರಬೇಕು. ಒಂದು ಕಾದಂಬರಿಯ ಎರಡನೇ ಕರಡು ಪ್ರೂಫ್ ನೋಡುವ ಮೇಷ್ಟ್ರ ಹತ್ತಿರ ಇದೆಯೋ, ಲೇಖಕರ ಹತ್ತಿರ ಇದೆಯೋ, ಯಾರಿಗೂ ಗೊತ್ತಿಲ್ಲ.

ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹಗಲೆಲ್ಲ ಜಿರಾ ಮುಂದೆ, ಅಂದರೆ ಯಾವ ಕೆಲಸ ಎಲ್ಲಿಗೆ ಬಂತು ಅಂತ ಲೆಕ್ಕ ಇಡುವ ಸಾಫ್ಟ್‌ವೇರಿನ ಮುಂದೆ, ಕೂರುವವನು. “ಒಂದು ಶನಿವಾರ ಬರ್ತೀನಿ ಮಾವ, ಎಲ್ಲ ಸೆಟ್ ಮಾಡಿ ಕೊಡ್ತೀನಿ” ಅಂದೆ. ಹತ್ತು ಜನರವರೆಗೆ ಜಿರಾ ಪುಕ್ಕಟೆ. ಮಾವನ ಕಡೆ ಎಲ್ಲ ಸೇರಿ ಐದೇ ಜನ. ಹೆಸರು ಕೇಳಿದ ಅತ್ತೆ “ಅದೇನೋ ಜೀರಾ ರೈಸ್ ಥರ ಇದೆಯಲ್ಲೋ” ಅಂದರು. ಅದಕ್ಕೂ ಜೀರಿಗೆಗೂ ಸಂಬಂಧವಿಲ್ಲ. 2002ರಲ್ಲಿ ಸಿಡ್ನಿಯ ಅಟ್ಲಾಸಿಯನ್ ಕಂಪನಿಯವರು ಇದನ್ನು ಹೊರತಂದದ್ದು. ಅದಕ್ಕೆ ಮೊದಲು ಅವರು ದೋಷಗಳ ಲೆಕ್ಕ ಇಡಲು ಬಗ್‌ಜಿಲ್ಲಾ ಬಳಸುತ್ತಿದ್ದರು. ಆ ಹೆಸರಿಂದ ಗಾಡ್ಜಿಲ್ಲಾ ನೆನಪಾಗಿ, ಗಾಡ್ಜಿಲ್ಲಾದ ಜಪಾನಿ ಹೆಸರು ಗೋಜಿರಾದ ಬಾಲ ಹಿಡಿದು ಜಿರಾ ಆಯಿತು. ದೋಷ ಹಿಡಿಯಲು ಹುಟ್ಟಿದ ಸಲಕರಣೆ ಅನ್ನುವ ಗುರುತು ಒಳಗೆ ಆಗಲೂ ಉಳಿದಿತ್ತು. ಅಲ್ಲಿ ಯಾವ ಕೆಲಸ ಹಾಕಿದರೂ ಅದಕ್ಕೆ ‘ಇಶ್ಯೂ’ ಅನ್ನುವ ರೂಢಿ ಇತ್ತು. ಮೊದಲ ಪುಸ್ತಕ ಸೇರಿಸುವಾಗಲೇ ಮಾವ ಪರದೆಯ ಮೇಲೆ ಬಗ್ಗಿ, “ಪುಸ್ತಕಕ್ಕೇನಯ್ಯಾ ಇಶ್ಯೂ? ಎಲ್ಲ ಸರಿಯಾಗೇ ಇದೆಯಲ್ಲ” ಅಂದರು. ಇಶ್ಯೂ ತೆಗೆದು ಆ ಜಾಗಕ್ಕೆ ‘ಪುಸ್ತಕ’ ಅನ್ನುವ ಹೊಸ ಬಗೆಯನ್ನೇ ಮಾಡಬೇಕಾಯಿತು.

ಪ್ರಾಜೆಕ್ಟಿನ ಹೆಸರೂ ‘ಪುಸ್ತಕ’. ಹೆಸರಿನ ಜೊತೆಗೆ ಒಂದು ಕೀ ಕೊಡಬೇಕು, ಪರದೆಯ ಮೇಲೆ ಒಂದೊಂದು ಕೆಲಸಕ್ಕೂ ಇರುವ ಕಾರ್ಡಿನ ನಂಬರಿನ ಮುಂದೆ ಅದೇ ಬರುತ್ತದೆ. ಕನ್ನಡ ಅಕ್ಷರ ಅಲ್ಲಿ ನಡೆಯುವುದಿಲ್ಲ, ಇಂಗ್ಲಿಷಿನ ದೊಡ್ಡಕ್ಷರವೇ ಆಗಬೇಕು. ಜಾಸ್ತಿ ಯೋಚನೆ ಮಾಡದೆ ಪಿ, ಯು, ಎಸ್ ಅಂತ ಒತ್ತಿದೆ. ಪಸ್-1, ಪಸ್-2, ಪಸ್-3. ಸಂಜೆ ಮಾವ ಖುಷಿಯಾಗಿ ಪರದೆಯ ಫೋಟೋ ತೆಗೆದು ಒಬ್ಬ ಲೇಖಕರಿಗೆ ಕಳಿಸಿದರು. ಆ ಲೇಖಕರು ಸರ್ಜನ್. “ನನ್ನ ಪ್ರಬಂಧ ಸಂಕಲನಕ್ಕೆ ಕೀವು ಅಂತ ಯಾಕ್ರೀ ನಂಬರ್ ಹಾಕಿದೀರಿ?” ಅಂತ ತಕ್ಷಣ ಫೋನು. ಕೀ ಬದಲಾಯಿಸಿದೆ. ಜಿರಾದಲ್ಲಿ ಕೀ ಬದಲಿಸಿದರೂ ಹಳೆಯ ಲಿಂಕು ಒತ್ತಿದಾಗ ಹೊಸದಕ್ಕೇ ಹೋಗುತ್ತದೆ, ಪುಣ್ಯ.

ಇನ್ನು ವರ್ಕ್‌ಫ್ಲೋ, ಅಂದರೆ ಕೆಲಸ ದಾಟಿ ಹೋಗುವ ಹಂತಗಳ ಸಾಲು. ಜಿರಾ ತಾನಾಗಿ ಕೊಡುವುದು ಮೂರೇ ಹಂತ: ಮಾಡಬೇಕು, ಮಾಡ್ತಾ ಇದೀವಿ, ಆಯ್ತು. ನಾನು ಅಷ್ಟಕ್ಕೆ ಸುಮ್ಮನಿರುವ ಪೈಕಿ ಅಲ್ಲ. ಹಸ್ತಪ್ರತಿ, ಅಕ್ಷರ ಜೋಡಣೆ, ಮೊದಲ ಕರಡು, ಎರಡನೇ ಕರಡು, ಲೇಖಕರ ಒಪ್ಪಿಗೆ, ಮುಖಪುಟ, ಮುದ್ರಣ, ಬಿಡುಗಡೆ ಅಂತ ಎಂಟು ಹಂತ ಮಾಡಿ, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದೆ. ಸುಮ್ಮನೆ ಬಿಟ್ಟರೆ ಯಾವ ಹಂತದಿಂದ ಯಾವ ಹಂತಕ್ಕಾದರೂ ಕಾರ್ಡು ಎಳೆಯಬಹುದು. ಅದು ಶಿಸ್ತಲ್ಲ ಅಂತ ಆ ಸೌಕರ್ಯವನ್ನು ಕಿತ್ತುಹಾಕಿದೆ. ಬಾಣಗಳೆಲ್ಲ ಮುಂದಕ್ಕೆ ಮಾತ್ರ. ಪುಟಗಳ ಸಂಖ್ಯೆ ತುಂಬದೆ ಮುದ್ರಣಕ್ಕೆ ಹೋಗುವ ಹಾಗಿಲ್ಲ ಅಂತ ಒಂದು ನಿಯಮವನ್ನೂ ಜಡಿದೆ. ಕನ್ನಡದಲ್ಲೇ ಹಂತಗಳ ಹೆಸರು ಸಾಲಾಗಿ ಕಂಡಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅತ್ತೆ ಚಿರೋಟಿ ಕೊಟ್ಟರು. ರಾತ್ರಿ ರೈಲಿಗೆ ವಾಪಸ್ ಬಂದೆ.

ಸೋಮವಾರ ಮುಖಪುಟ ಬರೆಯುವ ಕಲಾವಿದರ ಫೋನು. “ನಾನು ಚಿತ್ರ ಶುರು ಮಾಡಿ ವಾರ ಆಯ್ತು. ಕಾರ್ಡು ಇನ್ನೂ ಮೊದಲ ಕರಡಿನಲ್ಲಿದೆ. ನಾನೇನು ಕೈ ಕಟ್ಟಿ ಕೂರಬೇಕಾ?” ಒಳಪುಟದ ಕೆಲಸವೂ ಮುಖಪುಟದ ಕೆಲಸವೂ ಒಟ್ಟೊಟ್ಟಿಗೆ ನಡೆಯುತ್ತವೆ ಅನ್ನುವುದು ಆ ಕೋಣೆಯಲ್ಲಿ ಕಾಫಿ ತಂದುಕೊಡುವ ಹುಡುಗನಿಗೂ ಗೊತ್ತು. ಜಿರಾದಲ್ಲಾದರೆ ಒಂದು ಕಾರ್ಡು ಒಂದು ಹೊತ್ತಿಗೆ ಒಂದೇ ಹಂತದಲ್ಲಿರಬೇಕು. ಹಂತ ಅಂದ ಕೂಡಲೇ ಎಲ್ಲವನ್ನೂ ಒಂದೇ ಹಗ್ಗಕ್ಕೆ ಪೋಣಿಸುವುದು ನಮ್ಮ ಕಂಪನಿಯ ಚಾಳಿ, ಅದನ್ನೇ ಇಲ್ಲಿಗೂ ಹೊತ್ತು ತಂದಿದ್ದೆ. ಮುಖಪುಟವನ್ನು ಸಾಲಿನಿಂದ ತೆಗೆದು, ಪ್ರತಿ ಪುಸ್ತಕದ ಕೆಳಗೆ ಒಳಪುಟ, ಮುಖಪುಟ ಅಂತ ಎರಡು ಉಪಕೆಲಸ ಮಾಡಿದೆ.

ಆದರೆ ಎರಡೂ ಪೂರ್ತಿ ಬೇರೆಯೂ ಅಲ್ಲ. ಅದನ್ನು ಹೇಳಿಕೊಟ್ಟದ್ದು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಅಕ್ಕ. ಡೆಮಿ ಅಳತೆಯ ಪುಸ್ತಕಕ್ಕೆ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚು ಹಾಕಿ ಮಡಿಸುವ ದೊಡ್ಡ ಹಾಳೆ. 12 ಫಾರಂ ಆದರೆ 192 ಪುಟ. ಲೇಖಕರು ಕೊನೇ ಗಳಿಗೆಯಲ್ಲಿ ಮೂರು ಪುಟ ಸೇರಿಸಿದರೆ ಅರ್ಧ ಫಾರಮ್ಮಿನ ಕಾಗದ, ಅಚ್ಚು, ಮಡಿಕೆ ಎಲ್ಲ ಮೈಮೇಲೆ. ಪುಟ ಎಷ್ಟು, ಕಾಗದ ಎಷ್ಟು ದಪ್ಪ ಅನ್ನುವುದರ ಮೇಲೆ ಬೆನ್ನಿನ ಅಗಲ, ಅದು ಗೊತ್ತಾಗದೆ ಮುಖಪುಟದ ಫೈಲು ಮುಗಿಯುವುದಿಲ್ಲ. ಅಂದರೆ ಚಿತ್ರ ಯಾವಾಗಲಾದರೂ ಶುರುವಾಗಬಹುದು, ಮುಖಪುಟ ಮುಗಿಯಲು ಮಾತ್ರ ಒಳಪುಟ ಮುಗಿದಿರಬೇಕು. ಇದಕ್ಕೆ ಜಿರಾದಲ್ಲಿ ಒಂದು ಕೆಲಸ ಇನ್ನೊಂದನ್ನು ತಡೆಹಿಡಿದಿದೆ ಅಂತ ಲಿಂಕು ಹಾಕುವ ಸೌಲಭ್ಯವಿದೆ. ಕಂಪನಿಯಲ್ಲಿ ಅದನ್ನು ನಾವು ಹೆಚ್ಚಾಗಿ ಬಳಸುವುದು ಇನ್ನೊಂದು ಟೀಮಿನ ಮೇಲೆ ತಪ್ಪು ಹೊರಿಸುವುದಕ್ಕೆ. ಇಲ್ಲಿ ಮೊದಲ ಸಲ ಅದರ ನಿಜವಾದ ಉಪಯೋಗ ಕಂಡೆ.

ಮೇಷ್ಟ್ರು ಮಾತ್ರ ಜಿರಾ ಮುಟ್ಟಲಿಲ್ಲ. ಅವರು ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದುವವರು. ‘ನುಡಿ’ ತಂತ್ರಾಂಶದಲ್ಲಿ ಟೈಪಾಗಿ ಬಂದ ಫೈಲನ್ನು ಯೂನಿಕೋಡಿಗೆ ತಿರುಗಿಸಿದಾಗ ಎಲ್ಲೆಲ್ಲೋ ಹಾರಿ ಕೂರುವ ಅರ್ಕಾವತ್ತುಗಳನ್ನು ಅವರಷ್ಟು ಚೆನ್ನಾಗಿ ಹಿಡಿಯುವವರು ಇಲ್ಲ. ಅವರ ಕಾರ್ಡುಗಳನ್ನು ಅಕ್ಕನೇ ಸರಿಸುತ್ತಾರೆ. ಹಾಗಾಗಿ ಕಾರ್ಡು ‘ಎರಡನೇ ಕರಡು’ ಅಂತ ತೋರಿಸಿದರೂ ಆ ಕಟ್ಟು ಮೇಷ್ಟ್ರ ಮನೆಯಲ್ಲಿದೆಯೋ, ತಿದ್ದಿ ಬಂದು ಅಕ್ಕನ ಮೇಜಿನ ಮೇಲೆ ಬಿದ್ದಿದೆಯೋ ತಿಳಿಯುತ್ತಿರಲಿಲ್ಲ. ಮಾವ ರೇಗಿದರು. “ಪುಸ್ತಕ ಎಲ್ಲಿದೆ ಅಂತ ನಾನು ಕೇಳೋದು ಯಾರ ಮನೇಲಿದೆ ಅಂತ ಕಣಯ್ಯ. ಹಂತ ಕಟ್ಟಿಕೊಂಡು ನಾನೇನು ಮಾಡಲಿ?” ಕೆಂಪು ನೋಟ್‌ಬುಕ್ ತಿರುವಿ ನೋಡಿದೆ. ಮೂವತ್ತು ವರ್ಷದಿಂದ ಮಾವ ಹಂತ ಅಂತ ಒಂದನ್ನೂ ಬರೆದಿಲ್ಲ. ತಾರೀಕು, ಪುಸ್ತಕ, ಯಾರಿಗೆ ಕೊಟ್ಟೆ, ಯಾವಾಗ ವಾಪಸ್. ಅಷ್ಟೇ. ಜಿರಾದಲ್ಲಿ ಇದಕ್ಕೆ ಬೇಕಾದ ಜಾಗ ಮೊದಲಿನಿಂದಲೂ ಇತ್ತು, ಕೆಲಸ ಯಾರ ಹೆಸರಿನಲ್ಲಿದೆ ಅನ್ನುವ ಖಾನೆ. ನಾನೇ ಅದನ್ನು ಖಾಲಿ ಬಿಟ್ಟಿದ್ದೆ. ಕಾರ್ಡುಗಳೆಲ್ಲ ಒಟ್ಟಿಗೆ ಕಾಣುವ ಬೋರ್ಡನ್ನು ಹೆಸರಿನ ಪ್ರಕಾರ ಅಡ್ಡ ಸಾಲು ಮಾಡಿ ತೋರಿಸಿದಾಗ ಮಾವ ಕನ್ನಡಕ ಏರಿಸಿ, “ಹಾಂ, ಇದು” ಅಂದರು. ಮೇಷ್ಟ್ರಿಗೂ ಒಂದು ಹೆಸರಿನ ಖಾತೆ ಮಾಡಿದೆವು. ಅವರು ಅದನ್ನು ಇವತ್ತಿಗೂ ತೆರೆದಿಲ್ಲ.

ಆಮೇಲೆ ಮುನ್ನುಡಿಯ ಗೋಳು. ಸೆಪ್ಟೆಂಬರಿನ ಕೊನೆಗೆ ಮೂರು ಪುಸ್ತಕ ಎಲ್ಲ ಮುಗಿದು ನಿಂತಿದ್ದವು. ಮೂರಕ್ಕೂ ಹಿರಿಯರೊಬ್ಬೊಬ್ಬರ ಮುನ್ನುಡಿ ಬರಬೇಕು. ಹಿರಿಯರಿಗೆ ಜ್ಞಾಪಿಸುವುದು ಹೇಗೆ, ಎಷ್ಟು ದಿನಕ್ಕೊಮ್ಮೆ ಅನ್ನುವುದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ನಿಯಮವಿಲ್ಲ. ಬುಧವಾರ ರಾತ್ರಿ ಬೆಂಗಳೂರಿನಿಂದಲೇ ‘ಮುನ್ನುಡಿಗೆ ಕಾಯುತ್ತಿದೆ’ ಅನ್ನುವ ಹೊಸ ಹಂತ ಸೇರಿಸಿ, ವರ್ಕ್‌ಫ್ಲೋ ಪ್ರಕಟಿಸಿ, ಮೂರೂ ಕಾರ್ಡನ್ನು ಅದಕ್ಕೆ ತಳ್ಳಿ ಮಲಗಿದೆ. ಬೆಳಿಗ್ಗೆ ಮೆಟ್ರೋದಲ್ಲಿ ಇರುವಾಗ ಅಕ್ಕನ ಫೋನು: “ಸರ್, ಮೂರು ಪುಸ್ತಕ ಕಾಣ್ತಿಲ್ಲ.” ಹಿಂದಿನಿಂದ ಮಾವನ ದನಿ, “ನಾನು ಹೇಳಲಿಲ್ವಾ, ನೋಟ್‌ಬುಕ್ ಬಿಡಬೇಡ ಅಂತ!” ಎದೆ ಧಸಕ್ಕೆಂದಿತು. ಆಗಿದ್ದು ಇಷ್ಟೆ. ಹಂತ ಬೇರೆ, ಬೋರ್ಡಿನ ಕಾಲಂ ಬೇರೆ. ಹೊಸ ಹಂತವನ್ನು ಯಾವುದಾದರೂ ಕಾಲಮ್ಮಿಗೆ ಜೋಡಿಸದಿದ್ದರೆ ಅದರಲ್ಲಿರುವ ಕಾರ್ಡು ಬೋರ್ಡಿನಿಂದ ಮಾಯ. ಕಾರ್ಡು ಎಲ್ಲಿಗೂ ಹೋಗಿರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹೊಸಬರು ಇದೇ ತಪ್ಪು ಮಾಡಿದಾಗ ಕಂಪನಿಯಲ್ಲಿ ಎಷ್ಟು ಸಲ ನಕ್ಕಿದ್ದೇನೋ. ಮುಂದಿನ ನಿಲ್ದಾಣದಲ್ಲಿ ಇಳಿದು, ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕಾಲಂ ಜೋಡಿಸಿದೆ.

ಇನ್ನೊಂದು ಸಣ್ಣ ಎಡವಟ್ಟೂ ಆಗಿತ್ತು. ಮೊದಲ ಪುಸ್ತಕ ಬಿಡುಗಡೆಯಾದ ಮೇಲೂ ವರದಿಯಲ್ಲಿ ಅದು ಬಾಕಿ ಅಂತಲೇ ಬರುತ್ತಿತ್ತು. ಕೊನೆಯ ಹಂತಕ್ಕೆ ಕಾರ್ಡು ಬಂದಾಗ ಕೆಲಸ ಮುಗಿಯಿತು ಅಂತ ಗುರುತು ಹಾಕುವ ‘ತೀರ್ಮಾನ’ದ ಖಾನೆ ತಾನಾಗಿ ತುಂಬುವಂತೆ ನಾನು ಬಾಣಕ್ಕೆ ಹೇಳಿರಲಿಲ್ಲ. ಸರಿ ಮಾಡಲು ಐದು ನಿಮಿಷ ಹಿಡಿಯಿತು.

ಅಕ್ಟೋಬರ್ ಎರಡನೇ ವಾರ ಕೊನೆಯ ಮುನ್ನುಡಿ ಬಂತು. ವಾಟ್ಸಾಪಿನಲ್ಲಿ, ಕೈಬರಹದ ಹನ್ನೊಂದು ಹಾಳೆಯ ಫೋಟೋಗಳು. ನಾಲ್ಕು ಪುಟ ಜಾಗ ಬಿಟ್ಟು 192ಕ್ಕೆ ಹೊಂದಿಸಿದ್ದ ಪುಸ್ತಕ ಅದು. ಅಕ್ಕ ಜೋಡಿಸಿ ನೋಡಿದರೆ ಮುನ್ನುಡಿಯೇ ಒಂಬತ್ತು ಪುಟ. ಒಟ್ಟು 197. ಹಿರಿಯರ ಮುನ್ನುಡಿಗೆ ಕತ್ತರಿ ಹಾಕುವ ಧೈರ್ಯ ಯಾರಿಗೂ ಇಲ್ಲ. ಅವತ್ತು ಶನಿವಾರ, ನಾನೂ ಅಲ್ಲೇ ಇದ್ದೆ. ಮಾವ ಹಳೆಯ ಲೆಕ್ಕಿಗರಂತೆ ಬೆರಳು ಮಡಿಸಿದರು. “ಕೊನೇಲಿ ನಮ್ಮ ಪ್ರಕಟಣೆಗಳ ಪಟ್ಟಿ ಇದೆಯಲ್ಲ, ತೆಗಿ, ಎರಡು ಪುಟ. ಮೊದಲಲ್ಲಿ ಬರೀ ಹೆಸರಿರೋ ಹಾಳೆ ತೆಗಿ, ಅದೆರಡು. ಮುನ್ನುಡಿ ಅಕ್ಷರ ಅರ್ಧ ಪಾಯಿಂಟ್ ಇಳಿಸು, ಒಂದು ಪುಟ ಉಳಿಯುತ್ತೆ.”

ಅಕ್ಕ ಕಾರ್ಡನ್ನು ಮತ್ತೆ ಅಕ್ಷರ ಜೋಡಣೆಗೆ ಎಳೆಯಲು ನೋಡಿದರು. ಕಾರ್ಡು ಬರಲಿಲ್ಲ. ಮತ್ತೆ ಎಳೆದರು, ಜಿಗಿದು ಮೊದಲಿದ್ದ ಕಡೆಗೇ ಹೋಗಿ ಕೂತಿತು. ಇಬ್ಬರೂ ನನ್ನ ಕಡೆ ತಿರುಗಿದರು.

“ಬಾಣ ಎಲ್ಲ ಮುಂದಕ್ಕೇ ಇದೆ ಮಾವ. ಹಿಂದಕ್ಕೆ ನಾನು ಇಟ್ಟಿಲ್ಲ.”

“ಪುಸ್ತಕದ ಕೆಲಸದಲ್ಲಿ ಹಿಂದಕ್ಕೆ ಇಟ್ಟಿಲ್ಲ ಅಂದ್ರೆ?” ಅಂದರು ಮಾವ. ಕುರ್ಚಿ ಎಳೆದು ಕೊಟ್ಟರು. “ಕೂತ್ಕೋ. ಎಲ್ಲ ಕಡೆಯಿಂದಲೂ ಹಾಕು.”